ಎಂ.ಎ. ಇತಿಹಾಸ: ದೂರಶಿಕ್ಷಣವೋ, ಆನ್‌ಲೈನ್ ಪದವಿಯೋ? ನೆಟ್‌ವರ್ಕ್ ಸರಿಯಿಲ್ಲದ ಊರಿನಿಂದ ಒಂದು ಪ್ರಶ್ನೆ

ಪ್ರಶ್ನೆ ಕೇಳಿದವರು: ಬಿಳಗಿ ಸೀಮೆಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ.

ನಾನು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹನ್ನೊಂದು ವರ್ಷಗಳಿಂದ ಶಿಕ್ಷಕಿಯಾಗಿದ್ದೇನೆ. ಇತಿಹಾಸ, ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರ ವಿಷಯಗಳನ್ನು ತೆಗೆದುಕೊಂಡು ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ, ಅನಂತರ ಬಿ.ಇಡಿ. ಮಾಡಿದೆ. ಎಂ.ಎ. ಮಾಡಬೇಕೆಂಬ ಆಸೆ ಆಗಲೇ ಇತ್ತು. ಆದರೆ ನೌಕರಿ ಸಿಕ್ಕಿತು, ಮದುವೆಯಾಯಿತು, ಮಕ್ಕಳಾದರು. ಧಾರವಾಡಕ್ಕೆ ಹೋಗಿ ಹಾಸ್ಟೆಲಿನಲ್ಲಿದ್ದು ಓದುವ ಕಾಲ ಹಾಗೆಯೇ ದಾಟಿಹೋಯಿತು. ಈಗ ಚಿಕ್ಕವನೂ ಶಾಲೆಗೆ ಹೋಗುತ್ತಿರುವುದರಿಂದ ಮತ್ತೆ ಓದಲು ಮನಸ್ಸು ಮಾಡಿದ್ದೇನೆ. ಪದವಿಪೂರ್ವ ಕಾಲೇಜಿನ ಉಪನ್ಯಾಸಕಿಯ ಹುದ್ದೆಗೆ ಎಂದಾದರೂ ಅರ್ಜಿ ಹಾಕಬೇಕೆಂಬುದು ಒಂದು ಉದ್ದೇಶ. ಐದನೆಯ ತರಗತಿಯ ಮಕ್ಕಳಿಗೆ ಕದಂಬರ ಪಾಠ ಮಾಡುವಾಗ, ಪುಸ್ತಕದಲ್ಲಿರುವ ನಾಲ್ಕು ಸಾಲುಗಳ ಆಚೆಗೆ ನನಗೇ ಏನೂ ತಿಳಿದಿಲ್ಲವಲ್ಲ ಎಂಬ ಕೊರಗು ಇನ್ನೊಂದು ಕಾರಣ.

ಗೊಂದಲ ಇಷ್ಟೇ. ಒಂದು ಕಡೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ದೂರಶಿಕ್ಷಣದ ಎಂ.ಎ. ಇದೆ. ಇನ್ನೊಂದು ಕಡೆ ಮೊಬೈಲ್ ತೆರೆದರೆ ಸಾಕು, ಬೇರೆ ಬೇರೆ ವಿಶ್ವವಿದ್ಯಾಲಯಗಳ "ಮನೆಯಿಂದಲೇ ಆನ್‌ಲೈನ್ ಸ್ನಾತಕೋತ್ತರ ಪದವಿ" ಎಂಬ ಜಾಹೀರಾತುಗಳು ಬರುತ್ತವೆ. ಒಮ್ಮೆ ವಿಚಾರಿಸಿದ ತಪ್ಪಿಗೆ ದಿನಕ್ಕೆ ಮೂರು ಸಲ ಕರೆ ಮಾಡುತ್ತಾರೆ. ಎರಡೂ ಒಂದೇ ಎಂದು ಕೆಲವರು ಹೇಳಿದರೆ, ದೂರಶಿಕ್ಷಣದ ಪದವಿಗೆ ಬೆಲೆಯಿಲ್ಲ, ಆನ್‌ಲೈನ್ ಮಾಡಿದರೆ ಪರೀಕ್ಷೆಯೂ ಸುಲಭ ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ನಮ್ಮೂರಿನ ಸ್ಥಿತಿ ಹೇಗಿದೆಯೆಂದರೆ, ಮಳೆಗಾಲದಲ್ಲಿ ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರ್ ಕೂಡ ಮಲಗುತ್ತದೆ. ಆಮೇಲೆ ಒಂದು ಮೆಸೇಜ್ ಕಳಿಸಬೇಕಾದರೂ ಗುಡ್ಡದ ಮೇಲಿನ ಗೇರುಗಿಡದ ಹತ್ತಿರ ಹೋಗಿ ನಿಲ್ಲಬೇಕು. ನನ್ನ ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವಷ್ಟಿದೆ, ಬರೆಯುವಷ್ಟಿಲ್ಲ.

ನೌಕರಿ ಮಾಡಿಕೊಂಡೇ ಈ ರೀತಿಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು. ಉಪನ್ಯಾಸಕಿಯ ಹುದ್ದೆಗೆ ಬೇಕಾದ ಶೇಕಡಾ 55 ಅಂಕ ಬರುವುದು ಸಾಧ್ಯವೇ? ದಿನಕ್ಕೆ ಎಷ್ಟು ಹೊತ್ತು ಓದಬೇಕಾಗುತ್ತದೆ?

ಉತ್ತರ 1: ದಾವಣಗೆರೆಯ ಗ್ರಂಥಪಾಲಕ

ಮೇಡಂ, ನಮಸ್ಕಾರ. ಅನುಭವದ ಮಾತನ್ನು ಬೇರೆಯವರು ಹೇಳಲಿ. ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಬಂದು ಇದೇ ಪ್ರಶ್ನೆ ಕೇಳುವವರು ತಿಂಗಳಿಗೆ ನಾಲ್ಕೈದು ಮಂದಿ ಇರುವುದರಿಂದ, ನಿಯಮಗಳ ಮಟ್ಟಿಗೆ ನನಗೆ ಗೊತ್ತಿರುವುದನ್ನು ಬರೆಯುತ್ತೇನೆ.

ದೂರಶಿಕ್ಷಣ ಮತ್ತು ಆನ್‌ಲೈನ್ ಶಿಕ್ಷಣ ಒಂದೇ ಅಲ್ಲ. ಎರಡನ್ನೂ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2020ರಲ್ಲಿ ಹೊರಡಿಸಿದ ಒಂದೇ ನಿಯಮಾವಳಿ ಆಳುತ್ತದೆಯಾದರೂ, ಅದರಲ್ಲಿ ಅವು ಎರಡು ಪ್ರತ್ಯೇಕ ಕ್ರಮಗಳು. ದೂರಶಿಕ್ಷಣದಲ್ಲಿ ನಿಮ್ಮ ಕೈಗೆ ಸಿದ್ಧಪಾಠದ ಪುಸ್ತಕಗಳು ಬರುತ್ತವೆ, ಅಧ್ಯಯನ ಕೇಂದ್ರವೊಂದರಲ್ಲಿ ಸಂಪರ್ಕ ತರಗತಿಗಳು ನಡೆಯುತ್ತವೆ, ಪರೀಕ್ಷೆಯನ್ನು ನಿಗದಿತ ಕೇಂದ್ರಕ್ಕೆ ಹೋಗಿ ಬರೆಯುತ್ತೀರಿ. ಆನ್‌ಲೈನ್ ಕ್ರಮದಲ್ಲಿ ವಿಡಿಯೊ ಪಾಠ, ಓದುವ ಸಾಮಗ್ರಿ, ಚರ್ಚಾ ವೇದಿಕೆ, ಸ್ವಯಂ ಪರೀಕ್ಷೆ ಎಂಬ ನಾಲ್ಕೂ ಅಂತರ್ಜಾಲದಲ್ಲೇ ಇರಬೇಕು, ಮತ್ತು ವಿದ್ಯಾರ್ಥಿ ಅವುಗಳಲ್ಲಿ ಪಾಲ್ಗೊಂಡದ್ದಕ್ಕೆ ಲೆಕ್ಕ ಇಡುತ್ತಾರೆ. ಅಂದರೆ ಆನ್‌ಲೈನ್ ಎಂದರೆ ಹಾಜರಾತಿ ಇಲ್ಲ ಎಂದು ತಿಳಿಯಬಾರದು. ಗೇರುಗಿಡದ ಕೆಳಗೆ ನಿಂತು ಆ ಹಾಜರಾತಿ ಕೊಡುವುದು ಕಷ್ಟ. ಎರಡೂ ಕ್ರಮಗಳಲ್ಲಿ ಆಂತರಿಕ ಮೌಲ್ಯಮಾಪನ ಶೇಕಡಾ 30ನ್ನು ಮೀರುವಂತಿಲ್ಲ, ಸೆಮಿಸ್ಟರ್ ಕೊನೆಯ ಪರೀಕ್ಷೆಗೆ ಕನಿಷ್ಠ ಶೇಕಡಾ 70 ಇರಬೇಕು. ಹಾಗಾಗಿ "ಪರೀಕ್ಷೆ ಸುಲಭ" ಎಂಬ ಮಾತನ್ನು ನಂಬಬೇಡಿ.

ಬೆಲೆಯ ಪ್ರಶ್ನೆಗೆ ಉತ್ತರ ಸರಳ. ಮಾನ್ಯತೆ ಪಡೆದ ಸಂಸ್ಥೆಯಿಂದ ಈ ಎರಡರಲ್ಲಿ ಯಾವ ಕ್ರಮದಲ್ಲಿ ಪದವಿ ಪಡೆದರೂ ಅದು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಅದೇ ನಿಯಮಾವಳಿಯ 22ನೇ ನಿಯಮ ಹೇಳುತ್ತದೆ. 2022ರ ಸೆಪ್ಟೆಂಬರಿನಲ್ಲಿ ಯುಜಿಸಿ ಇದನ್ನು ಮತ್ತೊಮ್ಮೆ ಪ್ರಕಟಣೆಯ ಮೂಲಕ ಸ್ಪಷ್ಟಪಡಿಸಿದೆ. ಆದರೆ "ಮಾನ್ಯತೆ ಪಡೆದ" ಎಂಬ ಎರಡು ಪದಗಳಲ್ಲೇ ಎಲ್ಲ ಅಡಗಿದೆ. ವಿಶ್ವವಿದ್ಯಾಲಯಕ್ಕೆ ಒಟ್ಟಾರೆ ಮಾನ್ಯತೆ ಇದ್ದರೆ ಸಾಲದು. ನೀವು ಸೇರುವ ಆ ಕೋರ್ಸಿಗೆ, ಆ ಶೈಕ್ಷಣಿಕ ವರ್ಷಕ್ಕೆ, ಆ ಕ್ರಮಕ್ಕೆ ಅನುಮತಿ ಇರಬೇಕು. ಯುಜಿಸಿಯ ದೂರಶಿಕ್ಷಣ ಬ್ಯೂರೊದ ಜಾಲತಾಣದಲ್ಲಿ ವಿಶ್ವವಿದ್ಯಾಲಯವಾರು ಪಟ್ಟಿ ಇರುತ್ತದೆ. ಪ್ರವೇಶದ ದಿನವೇ ಆ ಪುಟವನ್ನು ಮುದ್ರಿಸಿ ಫೈಲಿನಲ್ಲಿ ಇಟ್ಟುಕೊಳ್ಳಿ. ಐದು ವರ್ಷಗಳ ನಂತರ ದಾಖಲೆ ಪರಿಶೀಲನೆಯ ಮೇಜಿನ ಮುಂದೆ ನಿಂತಾಗ ಆ ಒಂದು ಹಾಳೆ ನಿಮ್ಮ ಪರವಾಗಿ ಮಾತನಾಡುತ್ತದೆ.

ನಮ್ಮ ರಾಜ್ಯದವರಿಗೆ ಈ ಎಚ್ಚರ ಏಕೆ ಹೆಚ್ಚು ಬೇಕೆಂದರೆ, 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣವಾಗಿ ಆರಂಭವಾಗಿ 1996ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾದ ಮುಕ್ತ ವಿ.ವಿ.ಗೇ 2012–13ನೇ ಸಾಲಿನಿಂದ ಮಾನ್ಯತೆ ಇಲ್ಲವೆಂದು 2015ರಲ್ಲಿ ಯುಜಿಸಿ ಪ್ರಕಟಿಸಿತ್ತು. 2018ರಲ್ಲಿ, 2018–19ನೇ ಸಾಲಿನಿಂದ ಅನ್ವಯವಾಗುವಂತೆ, ಮಾನ್ಯತೆ ಮರಳಿ ದೊರೆಯಿತು. ನಿಮ್ಮ ಸಹೋದ್ಯೋಗಿಯ ಮನಸ್ಸಿನಲ್ಲಿ ಉಳಿದಿರುವುದು ಬಹುಶಃ ಆ ನಡುವಿನ ವರ್ಷಗಳ ಸುದ್ದಿ. ಈಗ ಹೊಸದಾಗಿ ಸೇರುವವರಿಗೆ ಅದು ಅನ್ವಯಿಸುವುದಿಲ್ಲ. ಆದರೂ ಪಟ್ಟಿ ನೋಡುವುದನ್ನು ಬಿಡಬೇಡಿ.

ಇನ್ನೊಂದು ಹೊಸ ಕ್ರಮವಿದೆ. ಈಗ ದೂರಶಿಕ್ಷಣ ಅಥವಾ ಆನ್‌ಲೈನ್ ಪದವಿಗೆ ಸೇರುವ ಪ್ರತಿಯೊಬ್ಬ ಭಾರತೀಯ ವಿದ್ಯಾರ್ಥಿಯೂ ಆ ದೂರಶಿಕ್ಷಣ ಬ್ಯೂರೊದ ಡೆಬ್ ಐಡಿ ಎಂಬ ಗುರುತಿನ ಸಂಖ್ಯೆಯನ್ನು ತಾನೇ ಸೃಷ್ಟಿಸಿಕೊಳ್ಳಬೇಕು. ಅದಕ್ಕೆ ಮೊದಲು ಡಿಜಿಲಾಕರ್ ಮೂಲಕ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನ ಐಡಿ, ಅಂದರೆ ಎಬಿಸಿ ಐಡಿ, ಇರಬೇಕು. ಆಧಾರ್‌ನಲ್ಲಿ ಒಂದು ಹೆಸರು, ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರು ಇರುವವರು ಇಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತಾರೆ. ಮದುವೆಯ ನಂತರ ಹೆಸರು ಬದಲಾದ ಹೆಣ್ಣುಮಕ್ಕಳಂತೂ ನನ್ನ ಮೇಜಿನ ಮುಂದೆ ಎಷ್ಟೋ ಸಲ ಕಣ್ಣೀರು ಹಾಕಿದ್ದಾರೆ. ಅದನ್ನು ಈಗಲೇ ಸರಿಪಡಿಸಿಕೊಳ್ಳಿ, ಪ್ರವೇಶದ ಕೊನೆಯ ದಿನದವರೆಗೆ ಕಾಯಬೇಡಿ.

ಉತ್ತರ 2: ಚಳ್ಳಕೆರೆಯಿಂದ ಒಬ್ಬ ಗ್ರಾಮ ಆಡಳಿತ ಅಧಿಕಾರಿ

ಅಕ್ಕಾವ್ರೇ, ನಾನು ಕಂದಾಯ ಇಲಾಖೆಯಲ್ಲಿದ್ದೇನೆ. ಮೊದಲು ನಮ್ಮನ್ನು ಗ್ರಾಮ ಲೆಕ್ಕಿಗ ಎನ್ನುತ್ತಿದ್ದರು, ಈಗ ಹೆಸರು ದೊಡ್ಡದಾಗಿದೆ, ಕೆಲಸ ಅದೇ. ನೌಕರಿಯಲ್ಲಿದ್ದುಕೊಂಡೇ ದೂರಶಿಕ್ಷಣದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮಾಡಿ, ಎಲ್ಲ ಸೆಮಿಸ್ಟರ್ ಸೇರಿ ಶೇಕಡಾ 61 ತೆಗೆದುಕೊಂಡೆ. ತಮಗೆ ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ: ಈ ಓದಿನಲ್ಲಿ ಸೋಲುವುದು ತಲೆಯಲ್ಲ, ಕೈ.

ಮೊದಲ ಸೆಮಿಸ್ಟರಿನ ಮೊದಲ ಪತ್ರಿಕೆ. ನಾನು ಓದಿಕೊಂಡಿದ್ದೆ, ಪ್ರಶ್ನೆಗಳೂ ಗೊತ್ತಿದ್ದವು. ಮೂರು ಗಂಟೆಯ ಪರೀಕ್ಷೆಯಲ್ಲಿ ಎರಡು ಗಂಟೆ ಆಗುವಷ್ಟರಲ್ಲಿ ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ಸೆಳೆತ ಶುರುವಾಯಿತು. ಹನ್ನೊಂದನೆಯ ಪುಟದಲ್ಲಿ ಅಕ್ಷರಗಳು ಒಂದರ ಮೇಲೊಂದು ಬಿದ್ದವು. ಪೆನ್ನು ಕೆಳಗಿಟ್ಟು ಕೈ ಕೊಡವಿ ಮತ್ತೆ ಹಿಡಿದರೆ ಎರಡು ಸಾಲು, ಮತ್ತೆ ನೋವು. ನನ್ನ ಪಕ್ಕದ ಸಾಲಿನಲ್ಲಿ ಕೂತಿದ್ದ ಇಪ್ಪತ್ತೆರಡು ವರ್ಷದ ಹುಡುಗಿ ಹೆಚ್ಚುವರಿ ಹಾಳೆ ಕೇಳುತ್ತಿದ್ದಳು; ನಾನು ಗೊತ್ತಿದ್ದ ಉತ್ತರವನ್ನು ಅರ್ಧಕ್ಕೇ ನಿಲ್ಲಿಸಿ ಎದ್ದು ಬಂದೆ. ಆ ಪತ್ರಿಕೆಯಲ್ಲಿ ಬಂದದ್ದು ನೂರಕ್ಕೆ 43. ಹತ್ತು ವರ್ಷಗಳಿಂದ ಕಚೇರಿಯಲ್ಲಿ ಸಹಿ ಹಾಕಿ, ಎರಡು ಸಾಲಿನ ಷರಾ ಬರೆದು, ಉಳಿದದ್ದನ್ನೆಲ್ಲ ಕಂಪ್ಯೂಟರಿಗೆ ಕೊಟ್ಟವನ ಕೈ ಅದು. ಬರೆಯುವುದನ್ನೇ ಮರೆತಿತ್ತು.

ಮರುದಿನದಿಂದ ಕ್ರಮ ಬದಲಿಸಿದೆ. ರಾತ್ರಿ ಊಟವಾದ ಮೇಲೆ ಒಂದು ಪ್ರಶ್ನೆ ಆರಿಸಿಕೊಂಡು, ಪುಸ್ತಕ ಮುಚ್ಚಿ, ಗಡಿಯಾರ ಇಟ್ಟುಕೊಂಡು ಮೂವತ್ತೈದು ನಿಮಿಷದಲ್ಲಿ ಒಂದು ಉತ್ತರ ಬರೆಯುತ್ತಿದ್ದೆ, ಅಷ್ಟೇ. ಭಾನುವಾರ ಮಾತ್ರ ಪೂರ್ತಿ ಮೂರು ಗಂಟೆ. ಮೊದಲ ವಾರ ನಾಲ್ಕು ಪುಟ, ಎರಡು ತಿಂಗಳಾದ ಮೇಲೆ ಅದೇ ಹೊತ್ತಿನಲ್ಲಿ ಆರು ಪುಟ ಬರುತ್ತಿತ್ತು. ನನ್ನ ಮನೆಯವರು ಆ ಉತ್ತರಗಳನ್ನು ಓದಿ, "ಇದರಲ್ಲಿ ಮೊದಲ ಪುಟ ಬರೀ ಪೀಠಿಕೆ, ವಿಷಯ ಎಲ್ಲಿದೆ?" ಎಂದು ಕೇಳುತ್ತಿದ್ದರು. ಅವರು ಓದಿರುವುದು ಪಿಯುಸಿ. ಮೌಲ್ಯಮಾಪಕರಿಗಿಂತ ಕಟ್ಟುನಿಟ್ಟು. ಎರಡನೆಯ ಸೆಮಿಸ್ಟರಿನಿಂದ ಅಂಕಗಳು ಏರಿದ್ದಕ್ಕೆ ಆ ಮೂವತ್ತೈದು ನಿಮಿಷಗಳಲ್ಲದೆ ಬೇರೆ ಕಾರಣವಿಲ್ಲ.

ದಿನಕ್ಕೆ ಎಷ್ಟು ಹೊತ್ತು ಎಂದು ಕೇಳಿದ್ದೀರಿ. ಲೆಕ್ಕ ನಮ್ಮ ಕಸುಬು, ಹೇಳುತ್ತೇನೆ. ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ ಮೂವತ್ತು ಗಂಟೆಗಳ ಓದು. ಎಂಬತ್ತು ಕ್ರೆಡಿಟ್‌ಗಳ ಎಂ.ಎ.ಗೆ 2,400 ಗಂಟೆ. ಎರಡು ವರ್ಷಕ್ಕೆ ಹಂಚಿದರೆ ವಾರಕ್ಕೆ 23 ಗಂಟೆ ಬರುತ್ತದೆ, ಅಂದರೆ ದಿನಕ್ಕೆ ಮೂರು ಗಂಟೆಗೂ ಮೇಲೆ. ನಾನು ಅಷ್ಟು ಓದಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಬೆಳಗಿನ ಜಾವ ಒಂದೂವರೆ ಗಂಟೆ, ರಾತ್ರಿ ಆ ಬರವಣಿಗೆ, ಪರೀಕ್ಷೆಗೆ ಮುಂಚೆ ಹದಿನೈದು ದಿನ ರಜೆ, ಇಷ್ಟರಲ್ಲಿ ಮುಗಿಯಿತು. ಬೆಳೆ ಸಮೀಕ್ಷೆ ಮತ್ತು ಚುನಾವಣೆಯ ತಿಂಗಳುಗಳಲ್ಲಿ ಪುಸ್ತಕ ಮುಟ್ಟಲೇ ಇಲ್ಲ. ತಮಗೂ ಗಣತಿ, ತರಬೇತಿ ಎಂದು ಅಂಥ ತಿಂಗಳುಗಳು ಬಂದೇ ಬರುತ್ತವೆ. ಅವನ್ನು ಮೊದಲೇ ಕಳೆದು ಲೆಕ್ಕ ಹಾಕಿ.

ಇನ್ನೊಂದು ಮಾತು. ತಾವು ಸರ್ಕಾರಿ ನೌಕರರು. ಪ್ರವೇಶ ಪಡೆಯುವ ಮೊದಲೇ ಉನ್ನತ ವ್ಯಾಸಂಗಕ್ಕೆ ಇಲಾಖೆಯ ಅನುಮತಿಗಾಗಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೂಲಕ ಅರ್ಜಿ ಕೊಡಿ, ಪದವಿ ಬಂದ ಮೇಲೆ ಸೇವಾ ಪುಸ್ತಕದಲ್ಲಿ ನಮೂದು ಮಾಡಿಸಿ. ಅನುಮತಿ ಇಲ್ಲದೆ ಓದಿದವರು ಆಮೇಲೆ ಅದನ್ನು ಸೇರಿಸಲು ಅಲೆದಾಡುವುದನ್ನು ನಾನು ನಮ್ಮ ಕಚೇರಿಯಲ್ಲೇ ಕಂಡಿದ್ದೇನೆ.

ಉತ್ತರ 3: ಪುಣೆಯಲ್ಲಿರುವ ಕನ್ನಡತಿ

ನಾನು ಆನ್‌ಲೈನ್ ಕ್ರಮದಲ್ಲಿಯೇ ಎಂ.ಕಾಂ. ಮುಗಿಸಿದವಳು. ಆದ್ದರಿಂದ ಆ ಪಕ್ಷದ ಮಾತನ್ನೂ ಹೇಳಬೇಕು.

ನನಗೆ ಅದು ಅನಿವಾರ್ಯವಾಗಿತ್ತು. ನಾನಿರುವುದು ಪುಣೆಯಲ್ಲಿ. ಯಾವುದೇ ರಾಜ್ಯದ ವಿಶ್ವವಿದ್ಯಾಲಯ ದೂರಶಿಕ್ಷಣವನ್ನು ತನ್ನ ರಾಜ್ಯದ ವ್ಯಾಪ್ತಿಯೊಳಗೆ ಮಾತ್ರ ನಡೆಸಬೇಕು. ಆನ್‌ಲೈನ್ ಪದವಿಗೆ ಆ ಗಡಿಯಿಲ್ಲ. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೊ, ಕೇಂದ್ರದ ಕಾಯಿದೆಯಿಂದ 1985ರಲ್ಲಿ ಸ್ಥಾಪನೆಯಾದದ್ದರಿಂದ ದೇಶಕ್ಕೆಲ್ಲ ಸಲ್ಲುತ್ತದೆ, ಆ ಮಾತು ಬೇರೆ. ಕರ್ನಾಟಕದಲ್ಲೇ ಇರುವ ನಿಮಗೆ ಈ ತೊಡಕಿಲ್ಲ.

ಪಾಠಗಳು ಚೆನ್ನಾಗಿದ್ದವು ಎಂದೇ ಹೇಳುತ್ತೇನೆ. ಅರ್ಥವಾಗದ ಲೆಕ್ಕವನ್ನು ಮೂರು ಸಲ ಹಿಂದಕ್ಕೆ ಓಡಿಸಿ ನೋಡುವ ಸೌಕರ್ಯ ಯಾವ ತರಗತಿಯಲ್ಲಿಯೂ ಇಲ್ಲ. ಲೋಕಲ್ ರೈಲಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಅರ್ಧ ಕೋರ್ಸು ಕೇಳಿ ಮುಗಿಸಿದ್ದೇನೆ. ತೊಂದರೆ ಬಂದದ್ದು ಪರೀಕ್ಷೆಯಲ್ಲಿ. ಮನೆಯಿಂದಲೇ ಬರೆಯುವ ಪರೀಕ್ಷೆ ಎಂದರೆ ಲ್ಯಾಪ್‌ಟಾಪಿನ ಕ್ಯಾಮೆರಾ ನಿಮ್ಮ ಮುಖವನ್ನು ನೋಡುತ್ತಿರುತ್ತದೆ, ಮೈಕ್ ಕೋಣೆಯ ಸದ್ದನ್ನು ಆಲಿಸುತ್ತಿರುತ್ತದೆ. ಆರಂಭಿಸುವ ಮುನ್ನ ಲ್ಯಾಪ್‌ಟಾಪನ್ನು ಎತ್ತಿ ಕೋಣೆಯ ನಾಲ್ಕೂ ಗೋಡೆ ತೋರಿಸಬೇಕಿತ್ತು. ದೇವರ ಫೋಟೊದ ಹಿಂದೆ ಏನಿದೆ ಎಂದು ಕೂಡ ಒಮ್ಮೆ ಕೇಳಿದರು. ತೆರಿಗೆಯ ಪತ್ರಿಕೆಯ ನಡುವೆ ಅಡುಗೆಮನೆಯಲ್ಲಿ ಅತ್ತೆಯವರ ಕುಕ್ಕರ್ ಮೂರು ಸೀಟಿ ಹೊಡೆಯಿತು, ನಾನು ಅಭ್ಯಾಸಬಲದಿಂದ ಆ ಕಡೆ ತಿರುಗಿದೆ. ಪರದೆಯ ಮೇಲೆ ಕೆಂಪು ಎಚ್ಚರಿಕೆ ಬಂತು. ಇನ್ನೊಂದು ದಿನ ಹನ್ನೆರಡು ನಿಮಿಷ ಕರೆಂಟು ಹೋಗಿ ಸಂಪರ್ಕ ಕಡಿದದ್ದಕ್ಕೆ ಆ ಪತ್ರಿಕೆಯನ್ನೇ ಮುಂದಿನ ಸೆಮಿಸ್ಟರಿನಲ್ಲಿ ಮತ್ತೆ ಬರೆಯಬೇಕಾಯಿತು. ಮನವಿ ಕೊಟ್ಟೆ, ನಿಯಮವನ್ನೇ ಮತ್ತೆ ಕಳಿಸಿದರು. ಪುಣೆಯಲ್ಲೇ ಹೀಗಾದರೆ ಆಷಾಢದ ಸಿದ್ದಾಪುರದಲ್ಲಿ ಏನಾದೀತು, ನೀವೇ ಊಹಿಸಿ. ಎಲ್ಲ ಆನ್‌ಲೈನ್ ಪದವಿಗಳಲ್ಲೂ ಪರೀಕ್ಷೆ ಮನೆಯಿಂದಲೇ ಇರುವುದಿಲ್ಲ, ಕೆಲವು ಕಡೆ ಕೇಂದ್ರಕ್ಕೆ ಕರೆಯುತ್ತಾರೆ. ಕರೆ ಮಾಡುವವರನ್ನು ಮೊದಲು ಇದನ್ನೇ ಕೇಳಿ; ಅವರು ಶುಲ್ಕದ ಕಂತಿನ ಬಗ್ಗೆ ಮಾತ್ರ ಮಾತನಾಡಲು ಕಲಿತಿರುತ್ತಾರೆ.

ಉತ್ತರ 4: ಹೆಸರು ಬೇಡ

ಜಾಹೀರಾತಿನ ಕರೆಗಳ ಬಗ್ಗೆ ಬರೆದಿದ್ದೀರಿ ಎಂಬ ಕಾರಣಕ್ಕೆ ನಾಲ್ಕು ಸಾಲು. ಹಲವು ವರ್ಷಗಳ ಹಿಂದೆ ಹೊರರಾಜ್ಯದ ವಿಶ್ವವಿದ್ಯಾಲಯವೊಂದರ "ಅಧ್ಯಯನ ಕೇಂದ್ರ" ನಮ್ಮ ಊರಿನ ಬಸ್‌ಸ್ಟ್ಯಾಂಡ್ ಎದುರಿಗೆ, ಬೇಕರಿಯ ಮಾಳಿಗೆಯ ಮೇಲೆ ಇತ್ತು. ಒಂದು ಮೇಜು, ಒಂದು ಕಂಪ್ಯೂಟರ್, ಗೋಡೆಯ ತುಂಬ ಘಟಿಕೋತ್ಸವದ ಚಿತ್ರಗಳು. ಎರಡು ವರ್ಷದ ಶುಲ್ಕ ಒಟ್ಟಿಗೆ ಕಟ್ಟಿದೆ, ಪರೀಕ್ಷೆಯನ್ನು ಅದೇ ಮಾಳಿಗೆಯಲ್ಲಿ ಬರೆದೆ, ಪ್ರಥಮ ದರ್ಜೆಯ ಅಂಕಪಟ್ಟಿಯೂ ಬಂತು. ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ, ಆ ವಿಶ್ವವಿದ್ಯಾಲಯಕ್ಕೆ ತನ್ನ ರಾಜ್ಯದಾಚೆ ಕೇಂದ್ರ ತೆರೆಯುವ ಅಧಿಕಾರವೇ ಇರಲಿಲ್ಲ ಎಂದು ಹೇಳಿ ನನ್ನ ಹೆಸರನ್ನು ಪಟ್ಟಿಯಿಂದ ತೆಗೆದರು. ಮಾಳಿಗೆಗೆ ಹೋಗಿ ನೋಡಿದರೆ ಅಲ್ಲಿ ಟೈಲರಿಂಗ್ ಕ್ಲಾಸ್ ನಡೆಯುತ್ತಿತ್ತು. ಆ ಅಂಕಪಟ್ಟಿ ಇನ್ನೂ ನನ್ನ ಟ್ರಂಕಿನಲ್ಲಿದೆ. ಫ್ರಾಂಚೈಸಿಯ ಮೂಲಕ ಪದವಿ ಕೊಡುವುದನ್ನು ಯುಜಿಸಿ ಒಪ್ಪುವುದಿಲ್ಲ. ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗಲ್ಲದೆ ಮತ್ತೆ ಯಾರ ಖಾತೆಗೂ ಕಟ್ಟಬೇಡಿ, ಅವರು ಎಷ್ಟೇ ನಯವಾಗಿ ಮಾತನಾಡಲಿ.

ಉತ್ತರ 5: ನಿವೃತ್ತ ಇತಿಹಾಸ ಉಪನ್ಯಾಸಕ, ಶಿವಮೊಗ್ಗ

ತಂಗೀ, ಮೇಲಿನವರೆಲ್ಲ ಪದವಿ ಪಡೆಯುವುದು ಹೇಗೆ ಎಂದು ಚೆನ್ನಾಗಿ ಹೇಳಿದ್ದಾರೆ. ಇತಿಹಾಸ ಓದುವುದು ಹೇಗೆ ಎಂದು ಯಾರೂ ಹೇಳಲಿಲ್ಲ. ನಾನು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ, ಅದರಲ್ಲಿ ಕೆಲವು ವರ್ಷ ಭಾನುವಾರಗಳಂದು ದೂರಶಿಕ್ಷಣದ ಸಂಪರ್ಕ ತರಗತಿಗಳನ್ನೂ ತೆಗೆದುಕೊಂಡಿದ್ದೇನೆ. ನನ್ನ ಅಭಿಪ್ರಾಯ ಸ್ವಲ್ಪ ಕಹಿಯಾಗಿರಬಹುದು.

ದೂರಶಿಕ್ಷಣದ ವಿದ್ಯಾರ್ಥಿ ಕಳೆದುಕೊಳ್ಳುವುದು ಪಾಠವನ್ನಲ್ಲ, ಜಗಳವನ್ನು. ಧಾರವಾಡದಲ್ಲಿಯೋ ಮಾನಸಗಂಗೋತ್ರಿಯಲ್ಲಿಯೋ ಎಂ.ಎ. ಓದುವ ಹುಡುಗ ತರಗತಿ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಕುಳಿತು, ಕದಂಬರ ಮೂಲದ ಬಗ್ಗೆ ಗೆಳೆಯನೊಡನೆ ವಾದ ಮಾಡುತ್ತಾನೆ, ಸೋಲುತ್ತಾನೆ, ಮರುದಿನ ಗ್ರಂಥಾಲಯಕ್ಕೆ ಹೋಗಿ ಶಾಸನದ ಸಂಪುಟ ತೆಗೆಸುತ್ತಾನೆ. ಸಿದ್ಧಪಾಠದಲ್ಲಿ ಆ ವಾದ ಮುಗಿದುಹೋಗಿರುತ್ತದೆ. ಮೂರು ಅಭಿಪ್ರಾಯಗಳು, ಅವುಗಳ ಕೆಳಗೆ ಒಂದು ತೀರ್ಮಾನ. ವಿದ್ಯಾರ್ಥಿ ತೀರ್ಮಾನವನ್ನು ಬಾಯಿಪಾಠ ಮಾಡುತ್ತಾನೆ. ಸಂಪರ್ಕ ತರಗತಿಗೆ ಬರುವವರಲ್ಲಿ ಅರ್ಧದಷ್ಟು ಜನ "ಸರ್, ಬರಬಹುದಾದ ಪ್ರಶ್ನೆಗಳನ್ನು ಹೇಳಿಬಿಡಿ" ಎಂದು ಮೊದಲ ಹತ್ತು ನಿಮಿಷದಲ್ಲೇ ಕೇಳುತ್ತಿದ್ದರು. ಅವರನ್ನು ದೂರಲಾರೆ. ಅವರು ಬೆಳಗಿನ ಐದು ಗಂಟೆಯ ಬಸ್ಸಿಗೆ ಬಂದಿರುತ್ತಿದ್ದರು, ಸಂಜೆಯ ಬಸ್ಸಿಗೆ ಹೋಗಬೇಕಿತ್ತು.

ಆದರೆ ನಿನಗಿರುವ ಒಂದು ಅನುಕೂಲ ಕ್ಯಾಂಪಸ್ಸಿನ ಹುಡುಗನಿಗಿಲ್ಲ. ನೀನಿರುವ ತಾಲ್ಲೂಕಿನಲ್ಲೇ ಬಿಳಗಿಯ ಬಸದಿ ಇದೆ. ಬನವಾಸಿ ಪಕ್ಕದ ಶಿರಸಿ ತಾಲ್ಲೂಕಿನಲ್ಲಿದೆ. ತಾಳಗುಂದಕ್ಕೆ ಒಂದು ಭಾನುವಾರ ಹೋಗಿ ಸಂಜೆಯೊಳಗೆ ಮರಳಬಹುದು. ಅಲ್ಲಿ ಪ್ರಣವೇಶ್ವರ ದೇಗುಲದ ಎದುರಿನ ಕಂಬದ ಶಾಸನದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ಬರೆದಿರುವ ಕಥೆ ನಿನಗೂ ಸಂಬಂಧಿಸಿದ್ದೇ: ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ವೇದಾಧ್ಯಯನ ಪೂರ್ಣಗೊಳಿಸಲು ಕಾಂಚಿಯ ಘಟಿಕೆಗೆ, ಅಂದರೆ ಅಲ್ಲಿನ ವಿದ್ಯಾಕೇಂದ್ರಕ್ಕೆ, ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಯಿತು, ಓದು ಬಿಟ್ಟು ಕತ್ತಿ ಹಿಡಿದ. ಉನ್ನತ ವ್ಯಾಸಂಗಕ್ಕಾಗಿ ಅಷ್ಟು ದೂರ ನಡೆದುಹೋದವನು ಪದವಿಯಿಲ್ಲದೆ ರಾಜ್ಯ ಕಟ್ಟಿಕೊಂಡು ಮರಳಿದ! ಆ ಶಾಸನದ ಪಾಠ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಮಾಲೆಯ ಏಳನೆಯ ಸಂಪುಟದಲ್ಲಿ, ಶಿಕಾರಿಪುರ ತಾಲ್ಲೂಕಿನ 176ನೇ ಶಾಸನವಾಗಿ ಅಚ್ಚಾಗಿದೆ. ಸಿದ್ಧಪಾಠದಲ್ಲಿ ಕದಂಬರ ಘಟಕ ಓದುವ ಮೊದಲು ಅದರ ಅನುವಾದವನ್ನು ಓದು, ಕಂಬವನ್ನು ನೋಡು, ಆಮೇಲೆ ಘಟಕಕ್ಕೆ ಬಾ. ಆಗ ಪುಸ್ತಕದಲ್ಲಿ ಏನನ್ನು ಬಿಟ್ಟಿದ್ದಾರೆ ಎಂಬುದು ನಿನಗೇ ಕಾಣುತ್ತದೆ, ಕ್ಯಾಂಟೀನಿಲ್ಲದಿದ್ದರೂ ಜಗಳ ತಾನಾಗಿ ಹುಟ್ಟುತ್ತದೆ. ಹೀಗೆ ಪ್ರತಿ ಸೆಮಿಸ್ಟರಿಗೆ ಒಂದೇ ಒಂದು ವಿಷಯವನ್ನು ಬುಡದವರೆಗೆ ಓದಿದರೂ ಸಾಕು. ಉಳಿದದ್ದನ್ನು ಪರೀಕ್ಷೆಗಾಗಿಯೇ ಓದು, ಅದರಲ್ಲಿ ನಾಚಿಕೆಯಿಲ್ಲ.

ಚಳ್ಳಕೆರೆಯ ಮಹನೀಯರು ಹೇಳಿದ ಕೈಯ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೆ ಒಂದು ಸೇರಿಸುತ್ತೇನೆ: ಉತ್ತರ ಪತ್ರಿಕೆ ತಿದ್ದುವಾಗ ನೂರು ಉತ್ತರಗಳಲ್ಲಿ ತೊಂಬತ್ತು ಒಂದೇ ಸಿದ್ಧಪಾಠದ ಒಂದೇ ವಾಕ್ಯಗಳಿಂದ ಶುರುವಾಗುತ್ತವೆ. ತಾನು ಕಂಡ ಬಸದಿಯ ಒಂದು ವಿವರವನ್ನು ಸರಿಯಾದ ಜಾಗದಲ್ಲಿ ಬರೆದ ವಿದ್ಯಾರ್ಥಿಗೆ ನಾನಂತೂ ಕೈಬಿಚ್ಚಿ ಅಂಕ ಕೊಟ್ಟಿದ್ದೇನೆ.

ಮತ್ತೆ ಬರೆದವರು: ಬಿಳಗಿ ಸೀಮೆಯ ಶಿಕ್ಷಕಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಪುಣೆಯ ಮೇಡಂ ಅವರ ಕುಕ್ಕರಿನ ಪ್ರಸಂಗ ಓದಿ ನಮ್ಮ ಮನೆಯವರು ನಕ್ಕರು. ನಮ್ಮಲ್ಲಿ ಪರೀಕ್ಷೆಯ ನಡುವೆ ಆಕಳು ಬಂದು ಕಿಟಕಿಯಲ್ಲಿ ಇಣುಕುವುದಂತೂ ಖಂಡಿತ. ಆದ್ದರಿಂದ ಆನ್‌ಲೈನ್ ವಿಚಾರವನ್ನು ಬಿಟ್ಟಿದ್ದೇನೆ, ಕರೆ ಮಾಡುವ ಸಂಖ್ಯೆಗಳನ್ನೂ ತಡೆಹಿಡಿದಿದ್ದೇನೆ.

ಅನುಮತಿಯ ಅರ್ಜಿಯನ್ನು ಸೋಮವಾರ ಮುಖ್ಯ ಶಿಕ್ಷಕರ ಮೂಲಕ ಕೊಡುತ್ತಿದ್ದೇನೆ. ಆಧಾರ್‌ನಲ್ಲಿ ನನ್ನ ಹೆಸರಿನ ಮುಂದೆ ಮನೆಯವರ ಹೆಸರಿದೆ, ಅಂಕಪಟ್ಟಿಯಲ್ಲಿ ತಂದೆಯವರ ಹೆಸರಿನ ಮೊದಲಕ್ಷರ ಮಾತ್ರ ಇದೆ. ಗ್ರಂಥಪಾಲಕರು ಹೇಳಿದ ಗುಂಪಿಗೇ ನಾನೂ ಸೇರಿದವಳು, ಅದನ್ನು ಮೊದಲು ಸರಿಪಡಿಸುತ್ತೇನೆ. ನಿನ್ನೆ ರಾತ್ರಿ ಗಡಿಯಾರ ಇಟ್ಟುಕೊಂಡು "ಕದಂಬರ ಆಡಳಿತ" ಎಂದು ತಲೆಬರಹ ಕೊಟ್ಟು ಬರೆಯಲು ಕುಳಿತೆ. ಮೂವತ್ತೈದು ನಿಮಿಷದಲ್ಲಿ ಎರಡೂಕಾಲು ಪುಟವಾಯಿತು, ಅದರಲ್ಲಿ ಒಂದು ಪುಟ ಪೀಠಿಕೆ. ದಿನವೂ ಕಪ್ಪುಹಲಗೆಯ ಮೇಲೆ ಬರೆಯುವ ಕೈ ಇದು, ಸೋಲುವುದಿಲ್ಲ ಎಂದುಕೊಂಡಿದ್ದೆ. ಸೀಮೆಸುಣ್ಣ ಹಿಡಿಯುವುದೇ ಬೇರೆ, ಪೆನ್ನು ಹಿಡಿಯುವುದೇ ಬೇರೆ.

ಒಂದು ಅನುಮಾನ ಮಾತ್ರ ಉಳಿದಿದೆ. ಉಪನ್ಯಾಸಕರ ಹುದ್ದೆಗೆ ಕೆಸೆಟ್, ಅಂದರೆ ಕರ್ನಾಟಕ ರಾಜ್ಯ ಅರ್ಹತಾ ಪರೀಕ್ಷೆಯನ್ನೂ ಪಾಸು ಮಾಡಬೇಕೆಂದು ಒಬ್ಬರು ಹೇಳಿದರು, ಅದು ನಿಜವೇ?

ಉತ್ತರ 6: ದಾವಣಗೆರೆಯ ಗ್ರಂಥಪಾಲಕ

ಪದವಿಪೂರ್ವ ಕಾಲೇಜಿಗೆ ಕೆಸೆಟ್ ಬೇಡ ಮೇಡಂ. ಅಲ್ಲಿಗೆ ಶೇಕಡಾ 55 ಅಂಕಗಳ ಸ್ನಾತಕೋತ್ತರ ಪದವಿ ಮತ್ತು ಬಿ.ಇಡಿ. ಮುಖ್ಯ, ಎರಡನೆಯದು ನಿಮ್ಮಲ್ಲಿ ಈಗಾಗಲೇ ಇದೆ. ಕೆಸೆಟ್ ಅಥವಾ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ನೆಟ್ ಬೇಕಾಗುವುದು ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ. ಮುಂದೆ ಬರೆಯುವ ಮನಸ್ಸಾದರೆ, ಕೆಸೆಟ್ ಅನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಎರಡು ಪತ್ರಿಕೆಗಳು, ಒಟ್ಟು 150 ಪ್ರಶ್ನೆಗಳು, 300 ಅಂಕಗಳು, ಎಲ್ಲವೂ ಬಹು ಆಯ್ಕೆಯ ಪ್ರಶ್ನೆಗಳೇ. ಅದಕ್ಕೂ ಸಾಮಾನ್ಯ ವರ್ಗದವರಿಗೆ ಎಂ.ಎ.ಯಲ್ಲಿ ಶೇಕಡಾ 55, ಮೀಸಲಾತಿಗೆ ಒಳಪಟ್ಟವರಿಗೆ ಶೇಕಡಾ 50 ಬೇಕು.

ನಿಮ್ಮ ಹಾಗೆ ಯೋಚಿಸುತ್ತಿರುವ ಬೇರೆಯವರು ಇದನ್ನು ಓದುತ್ತಿದ್ದರೆ ಅವರಿಗಾಗಿ ಒಂದು ಸೂಚನೆ: ಇತಿಹಾಸಕ್ಕೆ ತೊಂದರೆಯಿಲ್ಲ, ಆದರೆ ಮನಃಶಾಸ್ತ್ರ, ಆಹಾರ ಮತ್ತು ಪೋಷಣೆಯಂತಹ ಆರೋಗ್ಯ ಸಂಬಂಧಿ ವಿಷಯಗಳಿಗೆ 2025ರ ಜುಲೈ–ಆಗಸ್ಟ್ ಪ್ರವೇಶಾವಧಿಯಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಹೊಸ ಪ್ರವೇಶ ಕೊಡಬಾರದೆಂದು ಯುಜಿಸಿ ಹೇಳಿದೆ. ಹಳೆಯ ಜಾಹೀರಾತು ನೋಡಿ ಹಣ ಕಟ್ಟಬೇಡಿ.

ಆಧಾರ್ ತಿದ್ದುಪಡಿಗೆ ಹೋಗುವಾಗ ಹತ್ತನೆಯ ತರಗತಿಯ ಅಂಕಪಟ್ಟಿಯ ಮೂಲಪ್ರತಿಯನ್ನೇ ಒಯ್ಯಿರಿ, ನಕಲು ಪ್ರತಿಗೆ ಒಪ್ಪದೆ ಮರಳಿ ಕಳಿಸುತ್ತಾರೆ.